ಹಳೇ ಸವಾರ, ಹೊಸ ಕುದುರೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆ ನೋಡಿದ್ದೀರಲ್ಲ? ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಆಮೇಲೆ ಕುದುರೆ ಸವಾರರ ಸಾಲು. ಯುದ್ಧದ ಸವಾರನಿಗೆ ಕುದುರೆ ಹವ್ಯಾಸವಲ್ಲ, ಕಸುಬು.

ಅದೇ ಕಸುಬು ಮುಂದೆ ಆಟವಾಯಿತು. ಶಿಸ್ತಿನ ನಡೆ, ಬಯಲು ಓಟ, ಅಡೆತಡೆ ಜಿಗಿತ ಮೂರೂ ಸೇರಿದ 'ಈವೆಂಟಿಂಗ್' 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಬಂದಾಗ ಸೇನಾಧಿಕಾರಿಗಳಿಗಷ್ಟೇ ಅವಕಾಶ.

ಈಗಿನ ತಕರಾರು ಬೇರೆ. ಕೆಳಹಂತದ ಸ್ಪರ್ಧೆಗೂ ವೃತ್ತಿಪರರು ಬಂದು ಹವ್ಯಾಸಿಗಳ ಬಹುಮಾನ ಹೊಡ್ಕೊಂಡು ಹೋಗ್ತಾರೆ, ಅವರನ್ನ ಹೊರಗಿಡಿ ಅಂತಾರೆ. ಹೊರಗಿಡೋದು ಸುಲಭ. ಆದರೆ ಇತಿಹಾಸ ಏನು ಹೇಳುತ್ತೆ?

1948ರ ಲಂಡನ್ ಒಲಿಂಪಿಕ್ಸ್. ಶಿಸ್ತಿನ ನಡೆ, ಅಂದರೆ ಡ್ರೆಸಾಜ್‌ನಲ್ಲಿ ಸ್ವೀಡನ್ ತಂಡಕ್ಕೆ ಚಿನ್ನ. ತಂಡದ ಪೆರ್ಸನ್ ನಿಜವಾದ ಅಧಿಕಾರಿಯಲ್ಲ, ಬರೀ ಸಾರ್ಜೆಂಟ್ ಅಂತ ಮರುವರ್ಷ ಆ ಚಿನ್ನ ಕಿತ್ತುಕೊಂಡರು. ಸಂಬಳ ಇಬ್ಬರಿಗೂ ಇತ್ತು. ಅಧಿಕಾರಿ ಹವ್ಯಾಸಿ, ಸಾರ್ಜೆಂಟ್ ವೃತ್ತಿಪರ! 1952ರ ಹೊತ್ತಿಗೆ ನಿಯಮ ಬದಲಾಯಿತು, ಅದೇ ಪೆರ್ಸನ್ ತಂಡದೊಂದಿಗೆ ಚಿನ್ನ ಗೆದ್ದರು.

ಇನ್ನೊಂದು ಮಾತು. ಸವಾರ ಹಳಬನಾದರೂ ಕುದುರೆ ಎಳೆಯದಿರಬಹುದು. ಅದು ಕೆಳಗಿನ ಮೆಟ್ಟಿಲಿನಿಂದಲೇ ಹತ್ತಬೇಕು. 2018ರ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿ ಗೆದ್ದರು. 1982ರ ನಂತರ ಕುದುರೆ ಸವಾರಿಯಲ್ಲಿ ಭಾರತಕ್ಕೆ ಸಿಕ್ಕ ಮೊದಲ ವೈಯಕ್ತಿಕ ಪದಕ. ಅಂಥವರು ಓಡುವ ಮೈದಾನದಲ್ಲೇ ಓಡಿದರೆ ಹೊಸಬರಿಗೆ ಅದೇ ಪಾಠ.

ಹಾಗಂತ ಹವ್ಯಾಸಿಯ ಸಂಕಟ ಸುಳ್ಳಲ್ಲ. ವಾರವೆಲ್ಲ ಆಫೀಸು, ಭಾನುವಾರ ಸವಾರಿ ಮಾಡೋನು ದಿನವಿಡೀ ಜೀನಿನ ಮೇಲಿರೋನನ್ನ ಸೋಲಿಸೋದು ಕಷ್ಟ. ನನ್ನ ಪ್ರಕಾರ ಮೈದಾನ ಒಂದೇ ಇರಲಿ, ಬಹುಮಾನದ ಪಟ್ಟಿ ಎರಡಾಗಲಿ. ಬಾಗಿಲು ಮಾತ್ರ ಯಾರಿಗೂ ಮುಚ್ಚಬೇಡಿ.