ಮೈಸೂರೋ ಮಂಗಳೂರೋ? ತೋಟ ಇಲ್ಲದವರ ಲೆಕ್ಕ

ಸ್ವಲ್ಪ ಉದ್ದದ ಬರಹ, ಪುರುಸೊತ್ತು ಮಾಡಿಕೊಂಡು ಓದಿ.

ಕೊಡಗಿನಲ್ಲಿ ಮಳೆ ಹಿಡಿದರೆ ಸಾಕು, ಒಂದು ಚರ್ಚೆ ಶುರುವಾಗುತ್ತೆ. ಕೆಳಗೆ ಹೋಗಿ ನೆಲೆಸೋದಾದ್ರೆ ಮೈಸೂರು ವಾಸಿನಾ, ಮಂಗಳೂರು ವಾಸಿನಾ? ಮೈಸೂರಿನ ಕಡೆಯವರು ಹವೆ, ಅಗಲ ರಸ್ತೆ, 2015 ಮತ್ತು 2016ರಲ್ಲಿ ಬಂದ ಸ್ವಚ್ಛ ನಗರದ ಮೊದಲ ಸ್ಥಾನ ತೋರಿಸ್ತಾರೆ. ಮಂಗಳೂರಿನ ಕಡೆಯವರು ಆಸ್ಪತ್ರೆ, ಕಾಲೇಜು, ಬಂದರು, ವಿಮಾನ ನಿಲ್ದಾಣ, ತಾಜಾ ಮೀನು ಅಂತಾರೆ. ಇದು ತೋಟ ಇರುವವರ, ಪೆನ್ಷನ್ ಬರುವವರ ಲೆಕ್ಕ.

ಮಾರೋಕೆ ತೋಟ ಇಲ್ಲದ ನಮ್ಮವರೂ ಈ ಎರಡು ಊರಿಗೇ ಇಳಿದು ಹೋಗಿದ್ದಾರೆ. ನಮ್ಮ ಪ್ರಶ್ನೆ ಬೇರೆ. ಕೆಲಸ ಬಿಟ್ಟ ಮೇಲೂ ಮನೆ ಉಳಿಯುತ್ತಾ? ವಿಳಾಸ ಬರೆಯುವಾಗ ಸಾಹುಕಾರ್ರ ತೋಟದ ಹೆಸರಿಲ್ಲದೆ ಬರೆಯಬಹುದಾ?

ನಾನು ಹುಟ್ಟಿದ್ದು ಲೈನ್ ಮನೆಯಲ್ಲಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ಲೈನ್ ಮನೆ ಅಂದ್ರೆ ಕಾಫಿ ತೋಟದ ಆಳುಗಳಿಗೆ ಸಾಲಾಗಿ ಕಟ್ಟಿದ ಮನೆ. ದುಡಿಯೋ ತನಕ ಸೂರು, ದುಡಿಮೆ ನಿಂತ ದಿನ ಬೀದಿ. ಅಪ್ಪನಿಗೆ ಸೊಂಟ ಹಿಡಿದ ವರ್ಷ ನಾವು ಪಾತ್ರೆ ಕಟ್ಟಿಕೊಂಡು ಹೊರಟೆವು. ಇದು ನಮ್ಮೊಬ್ಬರ ಮನೆಯ ಕತೆಯಲ್ಲ, ಇದಕ್ಕೊಂದು ಚರಿತ್ರೆ ಇದೆ.

1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋದಾಗ ಇಲ್ಲಿನ ಹೊಲೆಯರು, ಎರವರು ಜೀತದಾಳುಗಳು. 1843ರಲ್ಲಿ ಗುಲಾಮಗಿರಿ ವಿರುದ್ಧ ಕಾನೂನು ಬಂತು. ಆದರೆ ಬಿಡುಗಡೆಯಾದವರಿಗೆ ಭೂಮಿ ಯಾರೂ ಕೊಡಲಿಲ್ಲ. 1854ರಿಂದ ಬಿಳಿಯರ ಕಾಫಿ ತೋಟಗಳು ಎದ್ದವು. ಜೀತದ ಗುಡಿಸಲು ಲೈನ್ ಮನೆ ಆಯ್ತು, ಅಷ್ಟೇ. ಅದೇ ದಶಕದಲ್ಲಿ, ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್ ಸಿದ್ದಾಪುರದ ಹತ್ತಿರ ಆನಂದಪುರ ಅನ್ನೋ ನೆಲೆ ಕಟ್ಟಿದರು, ಕ್ರೈಸ್ತರಾದ ಹೊಲೆಯ ಕುಟುಂಬಗಳಿಗಾಗಿ. ಊರಲ್ಲಿ ನಿಲ್ಲೋಕೆ ಜಾಗ ಬೇಕಾದ್ರೆ ಧರ್ಮ ಬಿಡಬೇಕಾಗಿ ಬಂದಿದ್ದನ್ನು ಮರೆಯಬೇಡಿ.

ಈಗ ಮಂಗಳೂರಿಗೆ ಬನ್ನಿ. ಅದು ಮದರಾಸು ಪ್ರಾಂತ್ಯದ ಊರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದೇ ಮತಾಂತರವಾಗಿ ಜಾತಿಯಿಂದ ಹೊರಬಿದ್ದವರಿಗೆ ಕೆಲಸ ಕೊಡೋಕೆ. ಅವರಲ್ಲಿ ಬಹಳ ಮಂದಿ ಬಿಲ್ಲವರು. ಭೂಮಾಲೀಕನ ಅಂಗಳದಲ್ಲಿ ಭತ್ತಕ್ಕೆ ಕೈಯೊಡ್ಡದೆ ಕೂಲಿಯನ್ನು ಕಾಸಿನಲ್ಲಿ ಎಣಿಸಿಕೊಳ್ಳಬಹುದು ಅನ್ನೋದನ್ನು ಆ ಊರು ಬೇಗ ಕಲಿಸಿತು. 1897ರಲ್ಲಿ ವಕೀಲ ಕುದ್ಮುಲ್ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸಾರಸ್ವತ ಬ್ರಾಹ್ಮಣರು. ನಮ್ಮ ಮಕ್ಕಳಿಗೆ ಶಾಲೆ ತೆರೆದಿದ್ದಕ್ಕೆ ಸ್ವಂತ ಜಾತಿಯವರ ಬಹಿಷ್ಕಾರ ತಿಂದರು. ಇವತ್ತು ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ಅವರಿಗೆ ನನ್ನ ಕೈಮುಗಿದ ನಮಸ್ಕಾರ.

ಆದರೆ ಅದೇ ಜಿಲ್ಲೆಯಲ್ಲಿ ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿ ನಿಷೇಧಿಸೋಕೆ ಕಾನೂನು ಬಂದಿದ್ದು 2000ನೇ ಇಸವಿಯಲ್ಲಿ. ಕಾರ್ಖಾನೆ ಬಂದು 135 ವರ್ಷ ಆದ ಮೇಲೆ! ಕೂಲಿ ಬಂದ ಕೂಡಲೇ ಮಾನ ಬರಲ್ಲ.

ಮೈಸೂರಿನ ದಾರಿ ಬೇರೆ. ಅದು ರಾಜರ ಊರು, ಅಗ್ರಹಾರಗಳ ಊರು. ಅಲ್ಲಿ ಬಾಗಿಲು ತೆರೆದದ್ದು ಸರ್ಕಾರಿ ಆದೇಶ. ಸಿ.ಆರ್. ರೆಡ್ಡಿ ಶಿಕ್ಷಣ ಇಲಾಖೆಯಲ್ಲಿದ್ದಾಗ, 1915ರಲ್ಲಿ, ಪಂಚಮರ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗಿಡಬಾರದು ಅಂತ ಆಜ್ಞೆಯಾಯಿತು. 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸಿದರು. ನೌಕರಿಯಲ್ಲಿ ಮೀಸಲಾತಿಗೆ ಅದು ಬುನಾದಿ. ಹಾಸ್ಟೆಲ್‌ಗಳು ಬಂದವು. ಆದಿಕರ್ನಾಟಕಪುರ ಅಂತ ಕರೆಯುತ್ತಿದ್ದ ಕೇರಿ ಅಶೋಕಪುರಂ ಆಯಿತು. ಪಕ್ಕದಲ್ಲೇ ರೈಲ್ವೆ ವರ್ಕ್‌ಶಾಪ್. ಈಗ ಅದು ಬಸ್ಸಿನ ಬೋರ್ಡಿನಲ್ಲಿರುವ ಹೆಸರು, ರೈಲ್ವೆ ಸ್ಟೇಷನ್ನಿನ ಹೆಸರು, ಚುನಾವಣೆಯಲ್ಲಿ ಎಲ್ಲ ಪಕ್ಷದವರೂ ಬಂದು ನಿಲ್ಲಲೇಬೇಕಾದ ಜಾಗ.

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದು ಇದೇ ಮೈಸೂರಿನಲ್ಲಿ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಆಯ್ತು, ಅವರ ಮಂತ್ರಿಗಿರಿ ಹೋಯ್ತು. ಆದರೆ ಹಾಸ್ಟೆಲ್ ಹುಡುಗರು ಹೆದರಿ ಊರಿಗೆ ಓಡಲಿಲ್ಲ, ಬೀದಿಗಿಳಿದರು. ಆ ಕಿಚ್ಚಿನಿಂದಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು.

ನಾನು ಕಾಣುವ ವ್ಯತ್ಯಾಸ ಇಷ್ಟು. ಮಂಗಳೂರು ನಮಗೆ ದುಡಿಮೆಯ ದಾರಿ ತೋರಿಸಿತು, ಆದರೆ ನಮ್ಮ ಪರ ಮಾತಾಡಿದವರು ಹೆಚ್ಚಾಗಿ ಬೇರೆಯವರು. ಮೈಸೂರು ಕೊಟ್ಟ ಕೂಲಿ ಕಡಿಮೆ ಇರಬಹುದು, ಆದರೆ ಅಲ್ಲಿ ನಾವೇ ಮಾತಾಡಲು ಕಲಿತೆವು. ನನ್ನನ್ನು ಕೇಳಿದರೆ ಮೈಸೂರು ಅಂತೀನಿ, ಕಣ್ಣು ಮುಚ್ಚಿಕೊಂಡಲ್ಲ. ಅಲ್ಲಿ ಬಾಡಿಗೆ ಮನೆ ಹುಡುಕಿದಾಗ ‘ಸಸ್ಯಾಹಾರಿಗಳಿಗೆ ಮಾತ್ರ’ ಅನ್ನೋ ಬೋರ್ಡಿನ ಅರ್ಥ ಏನು ಅಂತ ನನಗೆ ಗೊತ್ತಾಗಿದೆ. ಮಂಗಳೂರಿನಲ್ಲಿ ಮೀನಿನ ವಾಸನೆಗೆ ಯಾರೂ ಮೂಗು ಮುಚ್ಚಲ್ಲ. ಇನ್ನು ಸ್ವಚ್ಛ ನಗರದ ಪ್ರಶಸ್ತಿ ಮೈಸೂರಿಗೆ ಬಂದಾಗ, ಬೆಳಗ್ಗೆ ಪೊರಕೆ ಹಿಡಿದ ಪೌರಕಾರ್ಮಿಕರು ಯಾವ ಕೇರಿಯವರು ಅಂತ ಎಷ್ಟು ಜನ ಕೇಳಿದ್ರಿ?

ಮೈಸೂರಿನ ಮೀಸಲಾತಿಯಾಗಲಿ, ಮದರಾಸಿನ 1921ರ ಕೋಮುವಾರು ಆದೇಶವಾಗಲಿ ಘಟ್ಟದ ಮೇಲಿನ ನಮಗೆ ಅನ್ವಯಿಸಲಿಲ್ಲ. ಕೊಡಗು ಚೀಫ್ ಕಮಿಷನರ್ ಆಳುವ ಪ್ರತ್ಯೇಕ ಪ್ರಾಂತ್ಯ. 1956ರ ನವೆಂಬರ್ 1ಕ್ಕೆ ಮೂರೂ ಒಂದೇ ರಾಜ್ಯವಾಗುವ ಹೊತ್ತಿಗೆ ಆ ಎರಡು ಊರಿನವರು ನಮಗಿಂತ ಎರಡು ತಲೆಮಾರು ಮುಂದಿದ್ದರು. ಕೊಡಗಿನಲ್ಲಿ ಭೂಮಿ ಜಮ್ಮಾ, ಬಾಣೆ, ತೋಟ ಅಂತ ಹಂಚಿಹೋಗಿತ್ತು. ನಮಗೆ ಉಳಿದದ್ದು ಲೈನ್ ಮನೆ, ಇಲ್ಲವೇ ಪೈಸಾರಿಯಲ್ಲಿ ಹಕ್ಕುಪತ್ರ ಇಲ್ಲದ ಗುಡಿಸಲು.

2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಜೆಸಿಬಿ ನುಗ್ಗಿದ್ದು ನೆನಪಿದೆಯಲ್ಲ? ಲೈನ್ ಮನೆ ಬಿಟ್ಟು ಬಂದು ಗುಡಿಸಲು ಹಾಕಿಕೊಂಡಿದ್ದ ನೂರಾರು ಆದಿವಾಸಿ ಕುಟುಂಬಗಳು ಚಳಿಯಲ್ಲಿ ಬಯಲಿಗೆ ಬಿದ್ದವು. ಹೋರಾಡಿದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಸಿಕ್ಕಿತು. ಇದಾಗಿದ್ದೂ ಆನಂದಪುರ ಇರುವ ಅದೇ ಸಿದ್ದಾಪುರದ ಕಡೆಯೇ.

ಹಾಗಾಗಿ ನಮ್ಮ ಹುಡುಗರು ಯಾವ ಊರಿಗೆ ಹೋಗಬೇಕು ಅಂತ ಕೇಳಿದರೆ ಹೇಳ್ತೀನಿ: ಓದೋಕೆ, ಸಂಘಟನೆ ಕಲಿಯೋಕೆ ಮೈಸೂರಿಗೆ ಹೋಗಿ, ದುಡಿಯೋಕೆ ಮಂಗಳೂರಾದರೂ ಸರಿ. ಆದರೆ ಹುಟ್ಟಿದ ಊರಲ್ಲಿ ಬದುಕುವ ಹಕ್ಕು ಬಿಟ್ಟುಕೊಟ್ಟು ಹೋಗಬೇಡಿ. ಪೈಸಾರಿಯಲ್ಲಿ ಮನೆ ಇರುವವರು 94ಸಿ ಅರ್ಜಿ ಏನಾಯ್ತು ಅಂತ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಿರಿ. ಲೈನ್ ಮನೆಯವರ ನಿವೇಶನದ ವಿಷಯವನ್ನು ಮುಂದಿನ ಗ್ರಾಮಸಭೆಯಲ್ಲಿ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಒಬ್ಬರೇ ಹೋಗಬೇಡಿ, ಹತ್ತು ಜನ ಸೇರಿ ಹೋಗಿ.

ಜೈ ಭೀಮ್.