ರಿಮೋಟ್ ಬೀಗ ಕೈಕೊಡುವ ಬಗೆ

ಕಾರಿನ ಬಾಗಿಲನ್ನು ಕೀಲಿ ತಿರುಗಿಸದೆ ತೆರೆಯುವ ವ್ಯವಸ್ಥೆ ಒಂದೇ ಸಲಕ್ಕೆ ಹುಟ್ಟಿದ್ದಲ್ಲ. ಮೊದಲಿದ್ದ ಕಬ್ಬಿಣದ ಕಡ್ಡಿಗೆ ಮೋಟಾರು ಸೇರಿತು, ಮೋಟಾರಿಗೆ ರೇಡಿಯೊ ಸೇರಿತು, ರೇಡಿಯೊಗೆ ಗೂಢಲಿಪಿ ಸೇರಿತು. ಹಿಡಿಕೆ ಮುಟ್ಟಿದರೆ ಸಾಕೆನ್ನುವ ಅನುಕೂಲ ಬಂದದ್ದು ಕೊನೆಗೆ. ಹೊಸದು ಬಂದಾಗ ಹಳೆಯದು ಹೋಗಲಿಲ್ಲ. ಈಗಿನ ಕಾರಿನ ಬಾಗಿಲೊಳಗೆ ಇವೆಲ್ಲವೂ ಒಟ್ಟಿಗೇ ಇವೆ. ಬೀಗ ಒಮ್ಮೆ ಬೀಳುತ್ತದೆ, ಒಮ್ಮೆ ಬೀಳುವುದಿಲ್ಲ ಎಂಬ ದೂರು ಬಂದಾಗ ದೋಷ ಯಾವ ಪದರದ್ದು ಎಂದು ನೋಡದೆ ಮೊದಲು ಸೆಲ್ಲು, ಆಮೇಲೆ ಕೀಲಿ, ಕೊನೆಗೆ ದುಬಾರಿ ಕಂಟ್ರೋಲ್ ಯೂನಿಟ್ಟನ್ನೇ ಬದಲಿಸುವವರುಂಟು. ಪದರಗಳು ಸೇರಿದ ಕ್ರಮ ತಿಳಿದವರು ಆ ಖರ್ಚಿಗೆ ಇಳಿಯುವುದು ಕಡಿಮೆ.

ಅಮೆರಿಕದ ಪ್ಯಾಕರ್ಡ್ ಕಂಪನಿ 1956ರಲ್ಲಿ ವಿದ್ಯುತ್ತಿನಿಂದ ಬೀಳುವ ಬಾಗಿಲು ಬೀಗವನ್ನು ತಂದಿತು. ಜರ್ಮನಿಯ ಮರ್ಸಿಡಿಸ್ ಬೆಂಜ್ ಹಿಡಿದ ದಾರಿ ಬೇರೆ. 1970ರ ದಶಕದ ಅದರ ಕಾರುಗಳಲ್ಲಿ ಬೀಗವನ್ನು ಎಳೆಯುತ್ತಿದ್ದುದು ನಿರ್ವಾತ. ಎಂಜಿನ್ ನಡೆಯುವಾಗ ಉಂಟಾಗುವ ನಿರ್ವಾತವನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು, ಸಣ್ಣ ಕೊಳವೆಗಳ ಮೂಲಕ ಪ್ರತಿ ಬಾಗಿಲಿನ ರಬ್ಬರ್ ಪೊರೆಗೆ ಮುಟ್ಟಿಸುತ್ತಿದ್ದರು. ಎಂಜಿನ್ ನಿಂತ ಮೇಲೂ ಹಲವು ಸಲ ಬೀಗ ಹಾಕಿ ತೆಗೆಯುವಷ್ಟು ಶಕ್ತಿ ಡಬ್ಬಿಯಲ್ಲಿ ಉಳಿದಿರುತ್ತಿತ್ತು. ಯಾವುದೋ ಒಂದು ಬಾಗಿಲಿನ ರಬ್ಬರು ಒಣಗಿ ಸೀಳಿದರೆ ನಿರ್ವಾತ ಮೆಲ್ಲಗೆ ಸೋರಿಹೋಗುತ್ತಿತ್ತು. ಸಂಜೆ ಸರಿಯಾಗಿ ಬಿದ್ದ ಬೀಗ ಬೆಳಿಗ್ಗೆ ಅಲುಗುತ್ತಿರಲಿಲ್ಲ. ಎಂಜಿನ್ ಸ್ವಲ್ಪ ಹೊತ್ತು ಓಡಿದ ಮೇಲೆ ಮತ್ತೆ ಎಲ್ಲ ಸರಿ. ಸೀಳಿದ್ದು ಒಂದು ಬಾಗಿಲಲ್ಲಾದರೂ ಸೊರಗುತ್ತಿದ್ದುದು ಎಲ್ಲ ಬಾಗಿಲುಗಳು.

ಕೊನೆಗೆ ಗೆದ್ದದ್ದು ಮೋಟಾರು. ಬಾಗಿಲಿನ ಪ್ಯಾನೆಲ್ ಬಿಚ್ಚಿದರೆ ಸಿಗುವ ಆಕ್ಚುಯೇಟರ್ ಎಂಬ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಪುಟ್ಟ ಮೋಟಾರೂ ಪ್ಲಾಸ್ಟಿಕ್ ಹಲ್ಲುಚಕ್ರಗಳೂ ಇರುತ್ತವೆ. ಹಲ್ಲು ಸವೆದರೆ ಅಥವಾ ಮೋಟಾರಿನ ಬ್ರಷ್ಷು ತೆಳುವಾದರೆ ಟಕ್ ಎಂಬ ಸದ್ದು ಕೇಳುತ್ತದೆ, ಬೀಗ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಬಾಗಿಲಿನ ತಿರುಗಣಿಯ ಬಳಿ ರಬ್ಬರ್ ತೋಳಿನೊಳಗೆ ಹಾದುಹೋಗುವ ತಂತಿಯ ಕಟ್ಟು. ಬಾಗಿಲು ತೆರೆದಾಗಲೆಲ್ಲ ಅದು ಬಾಗುತ್ತದೆ. ವರ್ಷಗಳು ಕಳೆದಂತೆ ಹೊರಗಿನ ಪ್ಲಾಸ್ಟಿಕ್ ಹೊದಿಕೆ ಗಟ್ಟಿಯಾಗಿಯೇ ಉಳಿದು ಒಳಗಿನ ತಾಮ್ರದ ಎಳೆಗಳು ಮುರಿಯುತ್ತವೆ. ಬಾಗಿಲು ಪೂರ್ತಿ ತೆರೆದಿದ್ದಾಗ ನಡೆಯುವ ಬೀಗ ಮುಚ್ಚಿದಾಗ ನಡೆಯದಿದ್ದರೆ ಮೊದಲ ಅನುಮಾನ ಇಲ್ಲಿಗೇ ಹೋಗಬೇಕು. ಒಂದೇ ಬಾಗಿಲು ಹಟ ಮಾಡುತ್ತಿದ್ದು ಉಳಿದವು ಸರಿಯಿದ್ದರೆ ತಪ್ಪು ಕೀಲಿಯದ್ದಲ್ಲ, ಆ ಬಾಗಿಲಿನದು.

ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಓಡಾಡುತ್ತಿದ್ದ ಕಾಲದಲ್ಲಿ ಭಾರತದಲ್ಲಿ ಬಾಗಿಲುಗಳನ್ನು ಒಂದೊಂದಾಗಿಯೇ ಭದ್ರಪಡಿಸಬೇಕಿತ್ತು. ಇಲ್ಲಿ ಸೆಂಟ್ರಲ್ ಲಾಕಿಂಗ್ ಎಷ್ಟೋ ಕಾರುಗಳಿಗೆ ಬಂದದ್ದು ಕಾರ್ಖಾನೆಯಿಂದಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಗಳಿಂದ. ಮಾರುತಿ 800ರಂಥ ಕಾರಿಗೆ ಹಾಕುತ್ತಿದ್ದ ಕಿಟ್‌ನಲ್ಲಿ ಚಾಲಕನ ಬಾಗಿಲಿನ ಆಕ್ಚುಯೇಟರ್‌ಗೆ ಐದು ತಂತಿ, ಉಳಿದವಕ್ಕೆ ಎರಡೆರಡು. ಹೆಚ್ಚಿನ ಮೂರು ತಂತಿಗಳು ಚಾಲಕನ ಬೀಗ ಬಿದ್ದಿದೆಯೇ ಎದ್ದಿದೆಯೇ ಎಂದು ತಿಳಿಸುವ ಸ್ವಿಚ್ಚಿನವು. ಆ ಸ್ವಿಚ್ಚು ಕೆಟ್ಟರೆ ಚಾಲಕನ ಬಾಗಿಲು ಬೀಗ ಹಾಕಿಕೊಂಡರೂ ಉಳಿದ ಬಾಗಿಲುಗಳಿಗೆ ಸುದ್ದಿ ಮುಟ್ಟುವುದಿಲ್ಲ. ಮೋಟಾರಿನ ಕಡ್ಡಿಯನ್ನು ಮೂಲ ಕಡ್ಡಿಗೆ ಸ್ಕ್ರೂ ಬಿಗಿದು ಜೋಡಿಸುತ್ತಿದ್ದುದರಿಂದ ಸ್ಕ್ರೂ ಸಡಿಲವಾಗುವುದೂ ಮಾಮೂಲಿಯಾಗಿತ್ತು.

ದೂರದಿಂದ ಬೀಗ ತೆರೆಯುವ ಯುಗ ಶುರುವಾದದ್ದು ಫ್ರಾನ್ಸಿನಲ್ಲಿ. 1982ರಲ್ಲಿ ರೆನೋ ಕಂಪನಿ ತನ್ನ ಫುಯೆಗೋ ಕಾರಿಗೆ ಪಾಲ್ ಲಿಪ್‌ಶುಟ್ಸ್ ರೂಪಿಸಿದ ರಿಮೋಟ್ ಅಳವಡಿಸಿತು. ಅವನ ಹೆಸರಿನಿಂದಲೇ ಬಂದ ‘ಪ್ಲಿಪ್’ ಎಂಬ ಮಾತು ಫ್ರೆಂಚರ ಬಾಯಲ್ಲಿ ಇಂದಿಗೂ ಉಳಿದಿದೆ. ಅದು ಟಿವಿ ರಿಮೋಟಿನಂತೆ ಅವಗೆಂಪು ಕಿರಣದಿಂದ ನಡೆಯುತ್ತಿತ್ತು. ಕಾರಿನತ್ತ ಗುರಿಯಿಟ್ಟೇ ಒತ್ತಬೇಕು. ಗಾಜಿನ ಮೇಲೆ ಕೊಳೆಯಿದ್ದರೆ, ಬಿಸಿಲು ನೇರವಾಗಿ ಹೊಡೆಯುತ್ತಿದ್ದರೆ ಸಂಕೇತ ತಲುಪುವುದು ಕಷ್ಟ. ಈ ತೊಡಕೇ ಕಾರು ತಯಾರಕರನ್ನು ರೇಡಿಯೊ ಕಡೆಗೆ ನೂಕಿತು. ಅಮೆರಿಕ ಮತ್ತು ಜಪಾನಿನಲ್ಲಿ 315 ಮೆಗಾಹರ್ಟ್ಸ್, ಯುರೋಪಿನಲ್ಲಿ 433.92 ಮೆಗಾಹರ್ಟ್ಸ್ ರೂಢಿಗೆ ಬಂತು. ಭಾರತದಲ್ಲಿ ಮಾರಾಟವಾಗುವ ಕಾರುಗಳ ಕೀಲಿಗಳೂ ಹೆಚ್ಚಾಗಿ 433ರಲ್ಲೇ ಮಾತಾಡುತ್ತವೆ.

ರೇಡಿಯೊ ಗಾಳಿಯಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಮೊದಲ ಕೀಲಿಗಳು ಪ್ರತಿ ಸಲವೂ ಒಂದೇ ಸಂಕೇತ ಕಳಿಸುತ್ತಿದ್ದುದರಿಂದ ಅದನ್ನು ಹಿಡಿದಿಟ್ಟು ಮತ್ತೆ ಬಿತ್ತರಿಸುವುದು ಕಳ್ಳರಿಗೆ ಸುಲಭವಾಯಿತು. ಇದಕ್ಕೆ ಉತ್ತರವಾಗಿ ಬಂದದ್ದು ಒತ್ತಿದಾಗಲೆಲ್ಲ ಬದಲಾಗುವ ಸಂಕೇತ. ಇವುಗಳಲ್ಲಿ ಹೆಸರಾದ ಕೀಲಾಕ್ 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನ್ಯಾನೋಟೆಕ್‌ನಲ್ಲಿ ರೂಪುಗೊಂಡಿತು. 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಅದನ್ನು ಕೊಂಡಿತು. ಕೀಲಿಯೊಳಗೆ ಒಂದು ಎಣಿಕೆ ಇರುತ್ತದೆ, ಒತ್ತಿದಂತೆ ಏರುತ್ತದೆ. ಕಾರೂ ಅದೇ ಎಣಿಕೆಯನ್ನು ನೆನಪಿಟ್ಟಿರುತ್ತದೆ. ಕೀಲಾಕ್‌ನ ಸಾಮಾನ್ಯ ಜೋಡಣೆಯಲ್ಲಿ ಕೀಲಿಯ ಎಣಿಕೆ 16ರೊಳಗೆ ಮುಂದಿದ್ದರೆ ಕಾರು ತಕ್ಷಣ ಒಪ್ಪುತ್ತದೆ. ಅದನ್ನು ದಾಟಿದರೆ ಒಂದರ ಹಿಂದೊಂದು ಎರಡು ಸಂಕೇತ ಕೇಳಿದ ಮೇಲಷ್ಟೇ ನಂಬುತ್ತದೆ. ಮನೆಯಲ್ಲಿ ಮಗು ಕೀಲಿ ಹಿಡಿದು ಆಡಿದ ಮರುದಿನ ಮೊದಲ ಒತ್ತಿಗೆ ಬಾಗಿಲು ತೆರೆಯದೆ ಎರಡನೆಯದಕ್ಕೆ ತೆರೆದರೆ ಅದು ದೋಷವಲ್ಲ, ವ್ಯವಸ್ಥೆ ಹೇಳಿದಂತೆ ಕೇಳುತ್ತಿದೆ ಎಂದರ್ಥ.

ಗುಂಡಿ ಒತ್ತುವ ಕೆಲಸವನ್ನೂ ತಪ್ಪಿಸುವ ಪ್ರಯತ್ನ 1993ರ ಶೆವ್ರೊಲೆ ಕಾರ್ವೆಟ್‌ನಲ್ಲಿ ಕಂಡಿತು. ಆ ದಶಕದ ಕೊನೆಗೆ ಮರ್ಸಿಡಿಸ್ ಎಸ್ ಕ್ಲಾಸ್‌ನ ‘ಕೀಲೆಸ್ ಗೋ’ ಇದಕ್ಕೆ ಈಗಿನ ರೂಪ ಕೊಟ್ಟಿತು. ಈಗಿನ ದೂರುಗಳಲ್ಲಿ ಬಹಳಷ್ಟು ಹುಟ್ಟುವುದು ಇಲ್ಲೇ. ಹಿಡಿಕೆ ಮುಟ್ಟಿದಾಗ ಕಾರು 125 ಕಿಲೋಹರ್ಟ್ಸ್‌ನಷ್ಟು ಕೆಳದನಿಯಲ್ಲಿ ಒಂದೆರಡು ಮೀಟರಿಗಷ್ಟೇ ಕೇಳುವಂತೆ ಕರೆಯುತ್ತದೆ. ಜೇಬಿನಲ್ಲಿರುವ ಕೀಲಿ ಅದನ್ನು ಕೇಳಿ 433ರಲ್ಲಿ ಉತ್ತರಿಸುತ್ತದೆ. ಕರೆಗೆ ಒಂದು ದಾರಿ, ಉತ್ತರಕ್ಕೆ ಇನ್ನೊಂದು. ಪರೀಕ್ಷೆಯ ಸೂತ್ರವೂ ಇದರಲ್ಲೇ ಇದೆ. ಕೀಲಿಯ ಗುಂಡಿ ಒತ್ತಿದರೆ ಬೀಗ ನಡೆಯುತ್ತದೆ, ಹಿಡಿಕೆ ಮುಟ್ಟಿದರೆ ನಡೆಯುವುದಿಲ್ಲ ಎಂದಾದರೆ ಮೋಟಾರು, ಉತ್ತರದ ರೇಡಿಯೊ ಎರಡೂ ಸರಿ. ಹುಡುಕಬೇಕಾದ್ದು ಹಿಡಿಕೆಯ ಸಂವೇದಕ, ಅದರ ಆಂಟೆನಾ, ಕೀಲಿಯ ಕಿವಿ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಹಿಡಿಕೆಯ ಮೇಲೆ ನಿಂತ ನೀರೇ ಸ್ಪರ್ಶದ ಸಂವೇದಕವನ್ನು ಗಲಿಬಿಲಿಗೊಳಿಸಬಹುದು.

ಕೀಲಿಯ ಕಿವಿ ಎಂದರೆ ಅದರ ಹಲಗೆಯ ಮೇಲಿರುವ ಮೂರು ದಿಕ್ಕಿನ ತಂತಿಸುರುಳಿ. ಕೀಲಿ ಜೇಬಿನಲ್ಲಿ ಹೇಗೆ ಮಲಗಿದ್ದರೂ ಕರೆ ಕೇಳಿಸಲೆಂದೇ ಮೂರು. ಕೀಲಿ ನೆಲಕ್ಕೆ ಬಿದ್ದು ಒಂದರ ಬೆಸುಗೆ ಬಿಟ್ಟರೆ ಒಂದು ಮಗ್ಗುಲಲ್ಲಿ ಕೆಲಸ ಮಾಡುವ ಕೀಲಿ ಇನ್ನೊಂದು ಮಗ್ಗುಲಲ್ಲಿ ಕಿವುಡಾಗುತ್ತದೆ. ಕೈಯಲ್ಲಿ ತಿರುಗಿಸಿ ತಿರುಗಿಸಿ ಹಿಡಿಕೆ ಮುಟ್ಟಿ ನೋಡಿದರೆ ಇದು ಬಯಲಾಗುತ್ತದೆ. ಮೊಬೈಲ್ ಫೋನನ್ನು ಅದೇ ಜೇಬಿನಲ್ಲಿಟ್ಟರೂ ಕರೆ ಮಂಕಾಗಬಹುದು. ಹಿಡಿಕೆ, ಗುಂಡಿ ಎರಡೂ ಸೋತರೆ ಸಿಆರ್ 2032ರಂಥ ನಾಣ್ಯಗಾತ್ರದ ಸೆಲ್ಲಿನತ್ತ ನೋಡಬೇಕು. ಕಾರಿನ ಪಕ್ಕದಲ್ಲೇ ಇಟ್ಟ ಕೀಲಿ ಮತ್ತೆ ಮತ್ತೆ ಎಚ್ಚರಗೊಂಡರೆ ಸೆಲ್ಲು ಬೇಗ ಬರಿದಾಗುತ್ತದೆ.

ಕೀಲಿಯೂ ಕಾರೂ ಸರಿಯಿದ್ದು ಜಾಗವೇ ಕೆಟ್ಟದ್ದಾಗಿರುವುದೂ ಉಂಟು. 2019ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ತ್ ಓಲ್ಮ್‌ಸ್ಟೆಡ್‌ನ ಒಂದು ಬಡಾವಣೆಯಲ್ಲಿ ಕಾರಿನ ಕೀಲಿಗಳೂ ಗ್ಯಾರೇಜ್ ಬಾಗಿಲುಗಳೂ ವಾರಗಟ್ಟಲೆ ಕೆಲಸ ಮಾಡಲಿಲ್ಲ. ನಿವಾಸಿಯೊಬ್ಬರು ಮನೆಯಲ್ಲೇ ಮಾಡಿಕೊಂಡಿದ್ದ, ಬ್ಯಾಟರಿಯಿಂದ ನಡೆಯುವ ಸಾಧನವೊಂದು 315 ಮೆಗಾಹರ್ಟ್ಸ್‌ನಲ್ಲಿ ಬಿಡದೆ ಸದ್ದು ಮಾಡುತ್ತಿತ್ತು. ಅಗ್ಗದ ಯುಎಸ್‌ಬಿ ಚಾರ್ಜರು, ಡ್ಯಾಶ್ ಕ್ಯಾಮೆರಾ ಕಾರಿನೊಳಗೇ ಇಂಥ ಗದ್ದಲ ಎಬ್ಬಿಸಬಲ್ಲವು. ಅವನ್ನು ಕಳಚಿ ನೋಡುವುದಕ್ಕೆ ಖರ್ಚಿಲ್ಲ.

2011ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಶೋಧಕರು ಕಾರಿನ ಕರೆಯನ್ನು ದೂರದಲ್ಲಿರುವ ಕೀಲಿಗೆ ಮುಟ್ಟಿಸುವ ಉಪಾಯದಿಂದ 8 ತಯಾರಕರ 10 ಮಾದರಿಗಳನ್ನು ತೆರೆದು ತೋರಿಸಿದರು. ಇಂಥ ಕಳವನ್ನು ತಡೆಯಲು ಈಚಿನ ಹಲವು ಕೀಲಿಗಳು ಅಲುಗಾಡದೆ ಇದ್ದಾಗ ನಿದ್ದೆಹೋಗುತ್ತವೆ. ಮೇಜಿನ ಮೇಲಿಟ್ಟ ಕೀಲಿ ಉತ್ತರಿಸದಿದ್ದರೆ ಮೊದಲು ಅಲುಗಿಸಿ ನೋಡುವುದು ಒಳ್ಳೆಯದು.

ಸೆಲ್ಲು ಪೂರ್ತಿ ಸತ್ತರೂ ಕೀಲಿಯೊಳಗೆ ಅಡಗಿಸಿಟ್ಟ ಲೋಹದ ಅಲಗು ಬಾಗಿಲು ತೆರೆಯುತ್ತದೆ. 1990ರ ದಶಕದಲ್ಲಿ ಕಳವು ತಡೆಗೆಂದು ಬಂದ ಇಮ್ಮೊಬಿಲೈಸರ್ ಚಿಪ್ಪಿಗೆ ಸೆಲ್ಲು ಬೇಕಿಲ್ಲ. ಕಾರಿನ ತಂತಿಸುರುಳಿಯಿಂದಲೇ ಅದು ಶಕ್ತಿ ಪಡೆಯುತ್ತದೆ. ಆದ್ದರಿಂದ ಹೆಚ್ಚಿನ ಕಾರುಗಳಲ್ಲಿ ಸತ್ತ ಕೀಲಿಯನ್ನು ಸ್ಟಾರ್ಟ್ ಗುಂಡಿಗೆ ಅಥವಾ ನಿಗದಿತ ಜಾಗಕ್ಕೆ ಒತ್ತಿ ಹಿಡಿದರೆ ಎಂಜಿನ್ ಚಾಲೂ ಆಗುತ್ತದೆ. ಆ ಜಾಗ ಮಾದರಿಯಿಂದ ಮಾದರಿಗೆ ಬೇರೆ. ಕಾರು ಕೊಂಡ ದಿನವೇ ಕೈಪಿಡಿ ತೆರೆದು ಅದನ್ನು ಗುರುತಿಸಿಟ್ಟುಕೊಳ್ಳಬೇಕು.