ಬಿಡುವ ಹಕ್ಕು: ನೌಕರಿಯ ಕರಾರಿನ ಎರಡು ಷರತ್ತುಗಳ ಚರಿತ್ರೆ

ಊರು ಬಿಟ್ಟು ಬಂದ ನಮ್ಮಲ್ಲಿ ಹೆಚ್ಚಿನವರನ್ನು ಪರಸ್ಥಳಕ್ಕೆ ಕರೆತಂದದ್ದು ನೌಕರಿ. ಹೊರನಾಡ ಕನ್ನಡಿಗರ ಚರಿತ್ರೆ ಹೇಳುವಾಗ ನಾವು ನೌಕರಿಗೆ ಸೇರಿದವರ ಕತೆಯನ್ನು ವಿಸ್ತಾರವಾಗಿ ಹೇಳುತ್ತೇವೆ. ನೌಕರಿ ಬಿಟ್ಟವರ ಕತೆಯನ್ನು ಹೇಳುವುದು ಕಡಿಮೆ. ಆದರೆ ನೇಮಕಾತಿ ಪತ್ರದ ಕೊನೆಯ ಪುಟಗಳಲ್ಲಿ ಬಿಡುವುದಕ್ಕೆ ಸಂಬಂಧಿಸಿದ ಎರಡು ಷರತ್ತುಗಳು ಸಾಮಾನ್ಯವಾಗಿ ಇರುತ್ತವೆ. ಬಿಡುವ ಮೊದಲು ಇಷ್ಟು ದಿನಗಳ ನೋಟಿಸು ಕೊಡಬೇಕು ಎಂಬುದು ಒಂದು; ಬಿಟ್ಟ ಮೇಲೆ ಇಷ್ಟು ಕಾಲ ಪ್ರತಿಸ್ಪರ್ಧಿ ಸಂಸ್ಥೆಯನ್ನು ಸೇರಕೂಡದು ಎಂಬುದು ಇನ್ನೊಂದು. ಅಕ್ಕಪಕ್ಕದಲ್ಲಿ ಅಚ್ಚಾಗಿರುವುದರಿಂದ ಎರಡಕ್ಕೂ ಸಮಾನ ಬಲವಿದೆಯೆಂದು ಓದುವವರಿಗೆ ತೋರುತ್ತದೆ. ಈ ಎಣಿಕೆ ಸರಿಯಲ್ಲವೆಂಬುದನ್ನು ಅವುಗಳ ಚರಿತ್ರೆಯೇ ಹೇಳುತ್ತದೆ.

ಮೊದಲನೆಯದರ ಬೇರು ಮುಂಗಡದಲ್ಲಿದೆ. 1859ರಲ್ಲಿ, ಕಲ್ಕತ್ತೆಯ ಯೂರೋಪಿಯನ್ ವ್ಯಾಪಾರಿಗಳ ಒತ್ತಾಯದ ಮೇರೆಗೆ, ಕೆಲಸಗಾರರ ಕರಾರು ಉಲ್ಲಂಘನೆಯ ಕಾಯಿದೆ ಜಾರಿಗೆ ಬಂತು. ಮುಂಗಡ ಪಡೆದ ಕೂಲಿಕಾರನೋ ಕುಶಲಕರ್ಮಿಯೋ ಕೆಲಸಕ್ಕೆ ಬರದಿದ್ದರೆ ಮ್ಯಾಜಿಸ್ಟ್ರೇಟನು ಹಣ ಹಿಂದಿರುಗಿಸುವಂತೆ ಅಥವಾ ಕೆಲಸ ಪೂರೈಸುವಂತೆ ಆಜ್ಞೆ ಮಾಡಬಹುದಾಗಿತ್ತು. ಅದಕ್ಕೂ ಮಣಿಯದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಮಾಲೀಕನು ಮಾತು ತಪ್ಪಿದರೆ ಅದು ದಿವಾಣಿ ವ್ಯಾಜ್ಯ, ಕೂಲಿಕಾರನು ತಪ್ಪಿದರೆ ಸೆರೆಮನೆ. ಮೊದಲಿಗೆ ಮೂರು ಪ್ರೆಸಿಡೆನ್ಸಿ ನಗರಗಳಿಗೆಂದು ಮಾಡಿದ ಈ ಕಾಯಿದೆ ಕ್ರಮೇಣ ಅಸ್ಸಾಮಿನ ಚಹಾ ತೋಟಗಳಿಗೂ ದಕ್ಷಿಣದ ಕಾಫಿ ತೋಟಗಳಿಗೂ ಹಬ್ಬಿತು.

ಕೊಡಗಿನ ಕಾಫಿ ತೋಟಗಳಿಗೆ ಮೈಸೂರು ಸೀಮೆಯಿಂದಲೂ ದಕ್ಷಿಣ ಕನ್ನಡದಿಂದಲೂ ಆಳುಗಳನ್ನು ತರುತ್ತಿದ್ದವನು ಮೇಸ್ತ್ರಿ. ತೋಟದ ದೊರೆ ಮೇಸ್ತ್ರಿಗೆ ಮುಂಗಡ ಕೊಡುವನು, ಮೇಸ್ತ್ರಿ ಆಳಿಗೆ ಕೊಡುವನು. ಮುಂಗಡ ತೀರುವವರೆಗೆ ತೋಟ ಬಿಡುವಂತಿಲ್ಲ. ತೀರುವುದರೊಳಗೆ ಮನೆಯ ಮದುವೆಗೋ ಕಾಯಿಲೆಗೋ ಇನ್ನೊಂದು ಮುಂಗಡ. ನೌಕರಿಗಾಗಿ ಊರು ಬಿಟ್ಟ ಕನ್ನಡಿಗರೆಂದರೆ ನಮಗೆ ಗುಮಾಸ್ತರು, ಮೇಷ್ಟರು, ಹೋಟೆಲಿನವರು ನೆನಪಾಗುತ್ತಾರೆ. ಘಟ್ಟ ಹತ್ತಿ ಕೊಡಗಿಗೆ ಹೋದ ಈ ಆಳುಗಳನ್ನೂ ಆ ಸಾಲಿಗೆ ಸೇರಿಸಬೇಕು. ಕೆಲಸ ಬಿಡುವುದನ್ನು ಅಪರಾಧವೆಂದು ಎಣಿಸಿದ ಕಾನೂನಿನ ಕೆಳಗೆ ದುಡಿದವರು ಅವರು.

1925ರಲ್ಲಿ ಶಾಸನಸಭೆ ಈ ಕಾಯಿದೆಯನ್ನು ರದ್ದುಪಡಿಸಿತು. ದಂಡಸಂಹಿತೆಯಲ್ಲಿದ್ದ ಇಂಥದ್ದೇ ಎರಡು ಕಲಮುಗಳೂ, 490 ಮತ್ತು 492, ಅದರೊಂದಿಗೆ ಹೋದವು. ಕೊಡಗಿನಲ್ಲಿ ಮಾತ್ರ ಪ್ರತ್ಯೇಕವಾದ ಕಾರ್ಮಿಕ ಕಾಯಿದೆಯೊಂದು ಹಳೆಯ ಪದ್ಧತಿಯನ್ನು ಇನ್ನು ಕೆಲವು ವರ್ಷ ಉಳಿಸಿತು. ಅಂದಿನಿಂದ ಕೆಲಸ ಬಿಟ್ಟವನ ಮೇಲಿನ ಹಕ್ಕು ದೇಹದಿಂದ ಹಣಕ್ಕೆ ಸರಿಯಿತು.

ಹಣದ ಹಿಡಿತವೂ ಸಣ್ಣದಾಗಿರಲಿಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ತಿಂಗಳು ಮುಗಿದು ಎಷ್ಟೋ ದಿನ ಕಳೆದ ಮೇಲೆ ಸಂಬಳ ಕೈಗೆ ಬರುತ್ತಿತ್ತು. ನೋಟಿಸು ಕೊಡದೆ ಬಿಟ್ಟರೆ ಹಾಗೆ ಬಾಕಿ ಉಳಿದ ಸಂಬಳ ಮುಳುಗಿದಂತೆಯೇ. 1936ರ ವೇತನ ಪಾವತಿ ಕಾಯಿದೆ ಇದಕ್ಕೆ ಮಿತಿ ಹಾಕಿತು: ಸಾವಿರಕ್ಕಿಂತ ಕಡಿಮೆ ಜನರಿರುವಲ್ಲಿ ಏಳನೆಯ ದಿನದೊಳಗೆ, ಉಳಿದೆಡೆ ಹತ್ತನೆಯ ದಿನದೊಳಗೆ ಸಂಬಳ ಕೊಡಬೇಕು; ಕಾಯಿದೆ ಹೆಸರಿಸಿದ ಕಾರಣಗಳ ಹೊರತು ಕಡಿತ ಮಾಡಕೂಡದು. ಆದರೂ ಹತ್ತು ಅಥವಾ ಹೆಚ್ಚು ಮಂದಿ ಒಟ್ಟಾಗಿ, ನೋಟಿಸಿಲ್ಲದೆ ಗೈರುಹಾಜರಾದರೆ ಎಂಟು ದಿನಗಳವರೆಗಿನ ಸಂಬಳ ಹಿಡಿಯಲು ಅವಕಾಶ ಉಳಿಯಿತು. ಒಬ್ಬನು ಬಿಟ್ಟುಹೋಗುವುದಕ್ಕಿಂತ ಹತ್ತು ಮಂದಿ ಒಟ್ಟಿಗೆ ಹೊರನಡೆಯುವುದಕ್ಕೆ ಮಾಲೀಕರು ಹೆಚ್ಚು ಅಂಜುತ್ತಿದ್ದರೆಂಬುದಕ್ಕೆ ಈ ಕಲಮೇ ಸಾಕ್ಷಿ.

ಇಂದಿನ ಒಂದು ತಿಂಗಳ ಅಥವಾ ಮೂರು ತಿಂಗಳ ನೋಟಿಸು ಈ ದಾರಿಯಾಗಿ ಬಂದದ್ದು. ಅದು ಊರ್ಜಿತವಾದ ಕರಾರೇ ಹೌದು. ಆದರೆ ಮನಸ್ಸಿಲ್ಲದವನನ್ನು ಕುರ್ಚಿಯಲ್ಲಿ ಕೂರಿಸಿ ದುಡಿಸುವ ಆಜ್ಞೆಯನ್ನು ನ್ಯಾಯಾಲಯ ಸಾಮಾನ್ಯವಾಗಿ ಕೊಡುವುದಿಲ್ಲ. ವೈಯಕ್ತಿಕ ಸೇವೆಯ ಕರಾರನ್ನು ಬಲವಂತದಿಂದ ನೆರವೇರಿಸಲಾಗದು ಎಂಬುದು ಹಳೆಯ ನಿಯಮ. ಉಳಿಯುವ ಪ್ರಶ್ನೆ ಪರಿಹಾರದ ಹಣದ್ದು.

ಎರಡನೆಯ ಷರತ್ತಿನ ಕತೆ ತಿರುವುಮುರುವಾದದ್ದು. ಇಂಗ್ಲೆಂಡಿನಲ್ಲಿ 1414ರಷ್ಟು ಹಿಂದೆಯೇ, ಬಟ್ಟೆಗೆ ಬಣ್ಣ ಹಾಕುವವನೊಬ್ಬನು ಆರು ತಿಂಗಳು ತನ್ನ ಊರಿನಲ್ಲಿ ಕಸುಬು ನಡೆಸುವುದಿಲ್ಲವೆಂದು ಬರೆದುಕೊಟ್ಟ ಕರಾರು ನ್ಯಾಯಾಧೀಶರ ಸಿಟ್ಟಿಗೆ ಗುರಿಯಾಗಿತ್ತು. 1711ರ ಹೊತ್ತಿಗೆ ಅಲ್ಲಿನ ನ್ಯಾಯಾಲಯಗಳು ಮೆತ್ತಗಾದವು. ನಿರ್ಬಂಧ ಸಮಂಜಸವಾಗಿದ್ದರೆ ನಡೆದೀತು ಎಂದವು. ಭಾರತದ ಕರಾರು ಕಾಯಿದೆ ಈ ಇಂಗ್ಲಿಷ್ ದಾರಿಯನ್ನು ಹಿಡಿಯಲಿಲ್ಲ. ನ್ಯೂಯಾರ್ಕಿನ ಡೇವಿಡ್ ಡಡ್ಲಿ ಫೀಲ್ಡ್ ಸಿದ್ಧಪಡಿಸಿದ ಸಂಹಿತೆಯ ಕರಡಿನಿಂದ ಅದರ 27ನೆಯ ಕಲಮು ಬಂತು: ನ್ಯಾಯಬದ್ಧವಾದ ಯಾವುದೇ ವೃತ್ತಿ, ವ್ಯಾಪಾರ, ಉದ್ಯೋಗವನ್ನು ನಡೆಸದಂತೆ ಯಾರನ್ನಾದರೂ ತಡೆಯುವ ಕರಾರು ಅಷ್ಟರಮಟ್ಟಿಗೆ ಅನೂರ್ಜಿತ. ಸದ್ಭಾವನೆಯ ಸಮೇತ ವ್ಯಾಪಾರವನ್ನೇ ಮಾರಿದವನಿಗೆ ಮಾತ್ರ ವಿನಾಯಿತಿ. ಅದೇ ಕರಡಿನಿಂದ ಅದೇ 1872ರಲ್ಲಿ ಕ್ಯಾಲಿಫೋರ್ನಿಯವೂ ಇಂಥ ನಿಯಮವನ್ನು ಎತ್ತಿಕೊಂಡಿತು. ಬೆಂಗಳೂರಿನ ಮತ್ತು ಸಿಲಿಕಾನ್ ಕಣಿವೆಯ ತಂತ್ರಜ್ಞರಿಬ್ಬರಿಗೂ ಈ ವಿಷಯದಲ್ಲಿ ಮೂಲಪುರುಷನೊಬ್ಬನೇ.

ಎರಡೇ ವರ್ಷಗಳಲ್ಲಿ, 1874ರಲ್ಲಿ, ಈ ಕಲಮಿನ ಪರೀಕ್ಷೆ ನಡೆಯಿತು. ಕಲ್ಕತ್ತೆಯ ಒಂದೇ ಬೀದಿಭಾಗದಲ್ಲಿ ಇಬ್ಬರು ಕಂಚುಗಾರರ ಅಂಗಡಿಗಳಿದ್ದವು. ಅಂಗಡಿ ಮುಚ್ಚಿದರೆ ನೀನು ಕೆಲಸಗಾರರಿಗೆ ಕೊಟ್ಟಿರುವ 900 ರೂಪಾಯಿ ಮುಂಗಡವನ್ನು ನಾನು ತುಂಬಿಕೊಡುವೆನೆಂದು ಒಬ್ಬನು ಇನ್ನೊಬ್ಬನಿಗೆ ಮಾತು ಕೊಟ್ಟ. ಅವನು ಮುಚ್ಚಿದ, ಇವನು ಹಣ ಕೊಡಲಿಲ್ಲ. ನಿರ್ಬಂಧವು ಒಂದು ಪ್ರದೇಶಕ್ಕೆ ಮಾತ್ರ ಸೀಮಿತವಾಗಿದ್ದರೂ ಕರಾರು ಅನೂರ್ಜಿತವೆಂದು ಮುಖ್ಯ ನ್ಯಾಯಮೂರ್ತಿ ರಿಚರ್ಡ್ ಕೌಚ್ ತೀರ್ಪಿತ್ತರು. ಅಂಗಡಿ ಮುಚ್ಚಿದವನಿಗೆ ನಷ್ಟವಾಯಿತು, ಮಾತು ತಪ್ಪಿದವನು ಗೆದ್ದ. ವ್ಯಕ್ತಿಗೆ ಅನ್ಯಾಯವೆನಿಸಿದ ಈ ತೀರ್ಪೇ ಮುಂದೆ ಅಸಂಖ್ಯ ನೌಕರರಿಗೆ ನೆರಳಾಯಿತು. ಮುಂಗಡವೆಂಬುದು ಒಂದು ಕಾಯಿದೆಯಲ್ಲಿ ಆಳನ್ನು ಕಟ್ಟಿಹಾಕಿದ್ದರೆ, ಇನ್ನೊಂದು ಕಾಯಿದೆಯಲ್ಲಿ ಕಸುಬುದಾರನ ಬಿಡುಗಡೆಗೆ ನೆಪವಾಯಿತು.

ನೌಕರಿ ನಡೆಯುತ್ತಿರುವಾಗಿನ ನಿರ್ಬಂಧದ ಮಾತು ಬೇರೆ. 1898ರಲ್ಲಿ ಮುಂಬಯಿ ಹೈಕೋರ್ಟಿನ ಮುಂದೆ ಜಾಂಜಿಬಾರಿನ ವೈದ್ಯರಿಬ್ಬರ ವ್ಯಾಜ್ಯ ಬಂತು. ಮೂರು ವರ್ಷ ಸಹಾಯಕನಾಗಿರಲು ಒಪ್ಪಿದವನು ಅವಧಿ ಮುಗಿಯುವ ಮೊದಲೇ ಸ್ವಂತ ವೈದ್ಯವೃತ್ತಿ ತೊಡಗಿದ್ದ. ಆ ಮೂರು ವರ್ಷ ಮುಗಿಯುವವರೆಗೆ ನ್ಯಾಯಾಲಯ ಅವನನ್ನು ತಡೆಯಿತು. ಇದೇ ಜಾಡಿನಲ್ಲಿ 1967ರ ಸೆಂಚುರಿ ಸಂಸ್ಥೆಯ ಮೊಕದ್ದಮೆ ಬಂದದ್ದು. ಕಲ್ಯಾಣದ ಬಳಿಯ ರೇಯಾನ್ ಕಾರ್ಖಾನೆಯಲ್ಲಿ ಟೈರಿನ ನೂಲು ತಯಾರಿಕೆಯ ತರಬೇತಿ ಪಡೆದು, ಐದು ವರ್ಷ ಇರುವೆನೆಂದು ಬರೆದುಕೊಟ್ಟವರೊಬ್ಬರು, 1964ರಲ್ಲಿ ಕೋಟಾದ ಪ್ರತಿಸ್ಪರ್ಧಿ ಕಾರ್ಖಾನೆಗೆ ಸೇರಿದರು. ಉಳಿದ ಅವಧಿಗೆ ತಡೆಯಾಜ್ಞೆ ಸರಿಯೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೆ ಅವಧಿ ಮುಗಿದ ಆಚೆಗೆ ಅದು ಕೈಚಾಚಲಿಲ್ಲ.

1980ರ ಸೂಪರಿಂಟೆಂಡೆನ್ಸ್ ಕಂಪನಿಯ ಮೊಕದ್ದಮೆ ಭಾಷೆಯನ್ನು ಪ್ರೀತಿಸುವ ನಮ್ಮಂಥವರಿಗೆ ರುಚಿಸುವಂಥದು. ಕಂಪನಿಯನ್ನು ‘ಬಿಟ್ಟ’ ಮೇಲೆ ಎರಡು ವರ್ಷ ಅದೇ ಊರಿನಲ್ಲಿ ಅದೇ ವ್ಯವಹಾರ ಮಾಡಕೂಡದು ಎಂದು ಕರಾರು. ದೆಹಲಿಯ ಆ ಅಧಿಕಾರಿ ಬಿಟ್ಟಿರಲಿಲ್ಲ; ಅವರನ್ನು ಬಿಡಿಸಲಾಗಿತ್ತು. ಬಿಡುವುದು ಬೇರೆ, ಬಿಡಿಸುವುದು ಬೇರೆ ಎಂಬ ನೆಲೆಯಲ್ಲಿ ಮೂವರು ನ್ಯಾಯಮೂರ್ತಿಗಳೂ ಕಂಪನಿಯ ವಾದವನ್ನು ತಳ್ಳಿಹಾಕಿದರು. ನೌಕರಿಯ ನಂತರದ ನಿರ್ಬಂಧವೇ ಅನೂರ್ಜಿತವೆಂದು ನ್ಯಾಯಮೂರ್ತಿ ಎ.ಪಿ. ಸೇನ್ ಪ್ರತ್ಯೇಕವಾಗಿ ಬರೆದರು. ಕ್ರಿಕೆಟಿಗ ಜಹೀರ್ ಖಾನ್ ಪರವಾಗಿ 2006ರಲ್ಲಿ ಬಂದ ತೀರ್ಪು ಅದೇ ತತ್ತ್ವವನ್ನು ಗಟ್ಟಿಮಾಡಿತು. ಸಮಂಜಸವಾದ ನಿರ್ಬಂಧಕ್ಕೆ ಅವಕಾಶ ಕೊಡುವಂತೆ ಕಾನೂನು ಆಯೋಗ 1958ರಲ್ಲಿಯೇ ಸಲಹೆ ಮಾಡಿದ್ದರೂ ಸಂಸತ್ತು ಈ ಕಲಮನ್ನು ತಿದ್ದಲಿಲ್ಲ.

ಹೀಗೆಂದು ಎಲ್ಲ ಷರತ್ತೂ ಪೊಳ್ಳೆಂದು ತಿಳಿಯಬಾರದು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ನಮ್ಮ ವಿಜಯಾ ಬ್ಯಾಂಕಿನ ಮೊಕದ್ದಮೆ ಇದಕ್ಕೆ ಉದಾಹರಣೆ. ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತಿನಂತೆ ಹಣ ಕಟ್ಟಿ ಹೊರಬಂದ ಅಧಿಕಾರಿಯೊಬ್ಬರು ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಈ ಷರತ್ತು ಬೇರೆಡೆ ಕೆಲಸ ಮಾಡುವುದನ್ನು ತಡೆಯುವುದಿಲ್ಲ, ಬೇಗ ಬಿಟ್ಟದ್ದಕ್ಕೆ ಬೆಲೆ ಕಟ್ಟುತ್ತದೆ ಅಷ್ಟೇ. ಬಹಿರಂಗ ನೇಮಕಾತಿ ನಡೆಸಬೇಕಾದ ಸಾರ್ವಜನಿಕ ಬ್ಯಾಂಕಿಗೆ ಅದು ಅನುಚಿತವಲ್ಲ ಎಂಬುದು ಅದರ ನಿಲುವು.

ಕಂಚುಗಾರರಿಂದ ಬ್ಯಾಂಕಿನವರೆಗಿನ ಈ ಸಾಲಿನಿಂದ ನಾವು ಕಲಿಯಬಹುದಾದುದು ಒಂದು ವಿವೇಕ. ನೋಟಿಸು ಕೊಟ್ಟ ಮಾತು; ಅದನ್ನು ಪೂರೈಸಬೇಕು, ಇಲ್ಲವೇ ಅದರ ಬೆಲೆ ತೆರಬೇಕು. ಸಂಸ್ಥೆಯ ಗುಟ್ಟುಗಳು ಸಂಸ್ಥೆಯವು. ಅವನ್ನು ಹೊತ್ತೊಯ್ಯುವ ಹಕ್ಕು ಯಾರಿಗೂ ಇಲ್ಲ. ಆದರೆ ವರ್ಷಗಟ್ಟಲೆ ದುಡಿದು ಕೈಗೂಡಿಸಿಕೊಂಡ ಕಸುಬು ದುಡಿದವನದು. ನೌಕರಿ ಬಿಟ್ಟ ಮೇಲೆ ಅದನ್ನು ಬಳಸಕೂಡದೆಂಬ ಷರತ್ತು ನಮ್ಮ ದೇಶದಲ್ಲಿ ಒಂದೂವರೆ ಶತಮಾನದಿಂದ ನ್ಯಾಯಾಲಯಗಳಲ್ಲಿ ಸೋಲುತ್ತ ಬಂದಿದೆ. ಆದರೂ ಅದು ನೇಮಕಾತಿ ಪತ್ರಗಳಲ್ಲಿ ಅಚ್ಚಾಗುತ್ತಲೇ ಇದೆ. ಓದಿದವರು ಅಂಜಿ ಸುಮ್ಮನಾದರೆ ಸಾಕು, ಅದರ ಕೆಲಸ ಆಗುತ್ತದೆ. ಪರವೂರಿನಲ್ಲಿ ಬಾಡಿಗೆ ಮನೆ, ಮಕ್ಕಳ ಶಾಲೆ, ತಿಂಗಳ ಕಂತುಗಳ ನಡುವೆ ಬದುಕುವ ನಮಗೆ ಅಂಜಿಕೆ ಬೇಗ ಮುಟ್ಟುತ್ತದೆ. ಅದಕ್ಕಾಗಿಯೇ ಆ ಪುಟವನ್ನು ಸಹಿ ಹಾಕುವ ದಿನವೇ ನಿಧಾನವಾಗಿ ಓದುವುದು ಒಳ್ಳೆಯದು.